ಹಳೆಯ ಕಾರಿನ ಮುಳ್ಳು ಯಾವ ಭಾಷೆ ಆಡುತ್ತದೆ?

ಭಾನುವಾರ ಬೆಳಿಗ್ಗೆ ಏಳರೊಳಗೆ ಹೆಬ್ಬಾಳದ ಬಳಿ ಬಳ್ಳಾರಿ ರಸ್ತೆಯ ಬದಿಯಲ್ಲಿ ನಿಂತರೆ ಒಮ್ಮೊಮ್ಮೆ ಸೊಗಸಾದ ನೋಟವೊಂದು ಕಾಣಸಿಗುತ್ತದೆ. ವಿಮಾನ ನಿಲ್ದಾಣದತ್ತ ಧಾವಿಸುವ ಟ್ಯಾಕ್ಸಿಗಳ ನಡುವೆ ಒಂದು ಹಳೆಯ ಅಂಬಾಸಡರೋ, ಫಿಯೆಟ್ಟೋ, ಸ್ಟ್ಯಾಂಡರ್ಡ್ ಹೆರಾಲ್ಡೋ ತನ್ನ ಪಾಡಿಗೆ ತಾನು ಯಲಹಂಕದ ದಿಕ್ಕಿಗೆ ಹೊರಟಿರುತ್ತದೆ. ಒಳಗೆ ಕುಳಿತವರಿಗೆ ಯಾವ ಅವಸರವೂ ಇರುವುದಿಲ್ಲ. ದೇವನಹಳ್ಳಿಯ ಕಡೆ ಹೋಗಿ, ನಂದಿಬೆಟ್ಟದ ಬುಡದಲ್ಲೊಂದು ಕಾಫಿ ಕುಡಿದು, ಬಿಸಿಲೇರುವ ಮುನ್ನ ಮನೆ ಸೇರುವುದಷ್ಟೇ ಅವರ ಉದ್ದೇಶ.

ಆರ್.ಟಿ. ನಗರದಲ್ಲಿರುವ ನನ್ನ ಗೆಳೆಯರೊಬ್ಬರು ಇಂಥವರಲ್ಲೊಬ್ಬರು. ತಂದೆಯಿಂದ ಬಂದ 1960ರ ಅಂಬಾಸಡರ್ ಕಾರನ್ನು ಅವರು ಮಾರದೆ ಉಳಿಸಿಕೊಂಡಿದ್ದಾರೆ. ಅದರ ಪೆಟ್ರೋಲ್ ಮೀಟರ್ ಕೆಟ್ಟು ಬಹಳ ದಿನವಾಗಿತ್ತು. ಗುಜರಿಯಲ್ಲಿ ಅದೇ ಅಳತೆಯ, ಅದೇ ಕಂಪನಿಯ ಮತ್ತೊಂದು ಮೀಟರ್ ಸಿಕ್ಕಿತು. ವೈರಿಂಗ್ ಕೆಲಸದ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಕೂರಿಸಿಕೊಟ್ಟ. ಟ್ಯಾಂಕ್ ತುಂಬಿಸಿದಾಗ ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಕಡಿಮೆ ತೋರಿಸಿದರೆ ಒಳ್ಳೆಯದೇ ಅಲ್ಲವೇ, ಜಾಗ್ರತೆಯಾಗಿರಬಹುದು ಎಂದು ಗೆಳೆಯರು ಸುಮ್ಮನಾದರು. ಆದರೆ ಭಾನುವಾರಗಳು ಕಳೆದಂತೆ ಒಂದು ವಿಚಿತ್ರ ನಡೆಯಿತು. ಕಾರು ಓಡಿದಷ್ಟೂ ಮುಳ್ಳು ಮೇಲಕ್ಕೇರತೊಡಗಿತು! ಕೊನೆಗೊಂದು ದಿನ ಮುಳ್ಳು ‘ಫುಲ್’ ಗೆರೆಯ ಮೇಲೆ ನೆಟ್ಟಗೆ ನಿಂತಿದ್ದಾಗಲೇ ಕಾರು ಹೆಬ್ಬಾಳದ ಮೇಲುಸೇತುವೆಯ ಏರಿನಲ್ಲಿ ಎರಡು ಸಲ ಕೆಮ್ಮಿ ನಿಂತುಹೋಯಿತು. ಟ್ಯಾಂಕಿನಲ್ಲಿ ಹನಿ ಪೆಟ್ರೋಲ್ ಇರಲಿಲ್ಲ.

ಯಶವಂತಪುರದಲ್ಲಿ ಲಾರಿಗಳ ವೈರಿಂಗ್ ಮಾಡುತ್ತಲೇ ತಲೆ ನೆರೆತ ಮೇಸ್ತ್ರಿಯೊಬ್ಬರ ಬಳಿಗೆ ಆ ಕಾರು ಹೋಯಿತು. ಅವರು ಮೀಟರನ್ನು ಬಿಚ್ಚಲಿಲ್ಲ. ಹಿಂದಿನಿಂದ ಇಣುಕಿ ನೋಡಿ ನಕ್ಕರು. “ಮೀಟರ್ ಕೆಟ್ಟಿಲ್ಲ ಸಾರ್, ಟ್ಯಾಂಕಿನ ಯೂನಿಟ್ಟೂ ಕೆಟ್ಟಿಲ್ಲ. ಅದು ಒಂದು ಭಾಷೆ ಮಾತಾಡ್ತದೆ, ಇದು ಇನ್ನೊಂದು ಭಾಷೆ ಕೇಳಿಸಿಕೊಳ್ತದೆ, ಅಷ್ಟೆ” ಎಂದರು.

ಈ ಮಾತಿನಲ್ಲಿ ಒಂದು ಇತಿಹಾಸವೇ ಅಡಗಿದೆ. ಹಳೆಯ ಕಾರಿನ ಮೀಟರುಗಳನ್ನು ಬದಲಿಸಿ ಮತ್ತೆ ತಂತಿ ಕೊಡುವ ಕೆಲಸ ಮೇಲ್ನೋಟಕ್ಕೆ ಬರೀ ರಿಪೇರಿ. ಆದರೆ ಆ ತಂತಿಗಳನ್ನು ಹಿಡಿದು ಹೋದರೆ ಕಳೆದ ಶತಮಾನದಲ್ಲಿ ನಾವು ದೂರವನ್ನು, ವೇಗವನ್ನು, ವಿದ್ಯುತ್ತನ್ನು ಅಳೆದ ರೀತಿಗಳೆಲ್ಲ ಒಂದೊಂದಾಗಿ ಎದುರಾಗುತ್ತವೆ.

ಕೆಸರು ತಡೆಯುವ ಹಲಗೆ

‘ಡ್ಯಾಶ್‌ಬೋರ್ಡ್’ ಎಂಬ ಹೆಸರು ಕಾರಿಗಿಂತ ಹಳೆಯದು. ಕುದುರೆ ಸಾರೋಟುಗಳ ಮುಂಭಾಗದಲ್ಲಿ, ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಸವಾರರ ಮೇಲೆ ಬೀಳದಿರಲೆಂದು ಅಡ್ಡ ಕಟ್ಟಿದ ಹಲಗೆಗೆ ಆ ಹೆಸರಿತ್ತು. ಕುದುರೆ ಹೋಗಿ ಎಂಜಿನ್ ಬಂದರೂ ಹಲಗೆ ಉಳಿಯಿತು, ಹೆಸರೂ ಉಳಿಯಿತು. ಕೆಸರು ತಡೆಯುವ ಕೆಲಸ ತಪ್ಪಿದ ಮೇಲೆ ಅದರ ಮೇಲೆ ಒಂದೊಂದಾಗಿ ಗಡಿಯಾರದಂಥ ಮುಖಗಳು ಬಂದು ಕುಳಿತವು.

ಗಡಿಯಾರದಂಥ ಎಂದುದು ಸುಮ್ಮನೆ ಅಲ್ಲ. ಬ್ರಿಟಿಷ್ ಕಾರುಗಳಿಗೂ, ಅವುಗಳ ಮೂಲಕ ನಮ್ಮ ಅಂಬಾಸಡರ್ ಮೊದಲಾದವಕ್ಕೂ ಮಾದರಿಯಾದ ಮೀಟರುಗಳನ್ನು ಮಾಡಿದ ಸ್ಮಿತ್ಸ್ ಸಂಸ್ಥೆ ಮೊದಲು ಲಂಡನ್ನಿನಲ್ಲಿ ಗಡಿಯಾರದ ವ್ಯಾಪಾರ ಮಾಡುತ್ತಿತ್ತು. ಸ್ಪೀಡೋಮೀಟರಿನ ಒಳಗೆ ಇಣುಕಿದರೆ ಈ ನಂಟು ಕಣ್ಣಿಗೆ ಬೀಳುತ್ತದೆ. ಗೇರ್‌ಬಾಕ್ಸಿನಿಂದ ಬರುವ ಉದ್ದನೆಯ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಮೇಲೆ, ಅದಕ್ಕೆ ತಾಗದಂತೆ, ಒಂದು ಅಲ್ಯೂಮಿನಿಯಂ ಬಟ್ಟಲು. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿವಿದ್ಯುತ್ ಹುಟ್ಟಿ ಅದೂ ತಿರುಗಲು ಎಳಸುತ್ತದೆ. ಕೈಗಡಿಯಾರದಲ್ಲಿರುವಂಥದೇ ಕೂದಲೆಳೆಯ ಸ್ಪ್ರಿಂಗ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಈ ಎಳೆದಾಟದಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೋ ಅದೇ ವೇಗ. ಜರ್ಮನಿಯ ಓಟೊ ಶುಲ್ಜೆ 1902ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ಶತಮಾನದ ಉದ್ದಕ್ಕೂ ಬಾಳಿತು. ಇದಕ್ಕೆ ವಿದ್ಯುತ್ ಬೇಕಿಲ್ಲ. ರಾತ್ರಿ ಮುಖ ಕಾಣಲು ಒಂದು ಪುಟ್ಟ ಬಲ್ಬಿಗೆ ಮಾತ್ರ ತಂತಿ.

ಎಣ್ಣೆಯ ಒತ್ತಡ ತೋರಿಸುವ ಹಳೆಯ ಮೀಟರಿಗೂ ತಂತಿಯಿಲ್ಲ. ಎಂಜಿನ್ನಿನಿಂದ ಸಣ್ಣ ಕೊಳವೆಯೊಂದರಲ್ಲಿ ಎಣ್ಣೆಯೇ ಮೀಟರಿನವರೆಗೆ ಬಂದು, ಒಳಗಿನ ಬಾಗಿದ ಕೊಳವೆಯನ್ನು ನೆಟ್ಟಗಾಗಿಸಲು ಒತ್ತುತ್ತದೆ. ಇದು ಫ್ರಾನ್ಸಿನ ಯೂಜೀನ್ ಬೂರ್ದೋ 1849ರಲ್ಲಿ ಉಗಿಯಂತ್ರಗಳಿಗಾಗಿ ಕಂಡುಹಿಡಿದ ಸಾಧನ. ಅನೇಕ ಹಳೆಯ ಕಾರುಗಳ ನೀರಿನ ಬಿಸಿಯ ಮೀಟರೂ ಇದೇ ಜಾತಿಯದು: ಸುಲಭವಾಗಿ ಆವಿಯಾಗುವ ದ್ರವ ತುಂಬಿ ಬಾಯಿ ಮುಚ್ಚಿದ ತೆಳು ತಾಮ್ರದ ಕೊಳವೆ. ಇದನ್ನು ತಂತಿಯೆಂದು ತಪ್ಪಾಗಿ ತಿಳಿದು ಕತ್ತರಿಸಿದವರಿದ್ದಾರೆ. ಕತ್ತರಿಸಿದ ಕ್ಷಣವೇ ಆ ಮೀಟರಿನ ಆಯುಷ್ಯ ಮುಗಿಯಿತು. ಗಂಟು ಹಾಕಿ, ಟೇಪ್ ಸುತ್ತಿ ಸರಿಪಡಿಸುವ ವಸ್ತು ಅದಲ್ಲ.

ಎರಡು ಮೀಟರು, ಎರಡು ಗುಣ

ಹಾಗಾದರೆ ನಿಜವಾಗಿ ವಿದ್ಯುತ್ ನೆಚ್ಚಿದ್ದು ಯಾವುದು? ಮುಖ್ಯವಾಗಿ ಪೆಟ್ರೋಲ್ ಮೀಟರು. ಗೆಳೆಯರ ಕಾರು ಮೋಸಹೋದದ್ದೂ ಇಲ್ಲಿಯೇ.

ಟ್ಯಾಂಕಿನೊಳಗೆ ಒಂದು ತೇಲುಗುಂಡು. ಪೆಟ್ರೋಲ್ ಏರಿದಂತೆ ಇಳಿದಂತೆ ಅದರ ಕಡ್ಡಿ ಒಂದು ರೋಧಕದ ಮೇಲೆ ಜಾರುತ್ತದೆ. ಮೇಸ್ತ್ರಿಗಳು ಇದನ್ನು ‘ಟ್ಯಾಂಕ್ ಯೂನಿಟ್’ ಎನ್ನುತ್ತಾರೆ. ಅಲ್ಲಿಂದ ಒಂದು ತಂತಿ ಮೀಟರಿಗೆ ಬರುತ್ತದೆ. ಮೀಟರಿನಲ್ಲಿ ಮಾತ್ರ ಎರಡು ಪೀಳಿಗೆಗಳು.

ಹಳೆಯ ಪೀಳಿಗೆಯಲ್ಲಿ ಎರಡು ಸುರುಳಿಗಳಿದ್ದವು. ಒಂದು ಮುಳ್ಳನ್ನು ಖಾಲಿಯ ಕಡೆಗೆ, ಇನ್ನೊಂದು ಭರ್ತಿಯ ಕಡೆಗೆ ಎಳೆಯುತ್ತದೆ. ಟ್ಯಾಂಕ್ ಯೂನಿಟ್ ಯಾರಿಗೆ ಎಷ್ಟು ಪಾಲು ಎಂದು ಹಂಚುತ್ತದೆ. ಇಬ್ಬರಿಗೂ ಒಂದೇ ಬ್ಯಾಟರಿಯಿಂದ ಊಟವಾದ್ದರಿಂದ ಬ್ಯಾಟರಿ ಸೋತರೆ ಇಬ್ಬರೂ ಒಟ್ಟಿಗೆ ಸೋಲುತ್ತಾರೆ. ಮುಳ್ಳು ಹೆಚ್ಚು ಅಲುಗುವುದಿಲ್ಲ. ಕೀಲಿ ತಿರುಗಿಸಿದ ಕೂಡಲೇ ಮುಳ್ಳು ಟಕ್ಕೆಂದು ನೆಗೆದು ನಿಂತು, ಕಾರು ಕುಲುಕಿದಂತೆ ತಾನೂ ಕುಲುಕುತ್ತಿದ್ದರೆ ಅದು ಈ ಜಾತಿಯದೆಂದು ತಿಳಿಯಬೇಕು.

1960ರ ದಶಕದಲ್ಲಿ ಬ್ರಿಟಿಷ್ ಕಾರುಗಳಿಗೆ ಬಂದ ಎರಡನೆಯ ಪೀಳಿಗೆ ಸಮಾಧಾನಿ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಒಂದಕ್ಕೊಂದು ಅಂಟಿಸಿದ ಪಟ್ಟಿಗೆ ಸಣ್ಣ ತಂತಿ ಸುತ್ತಿರುತ್ತಾರೆ. ತಂತಿ ಬಿಸಿಯಾದಂತೆ ಪಟ್ಟಿ ಬಾಗಿ ಮುಳ್ಳನ್ನು ದೂಡುತ್ತದೆ. ಬಿಸಿಯಾಗಲು ಹೊತ್ತು ಬೇಕಾದ್ದರಿಂದ ಈ ಮುಳ್ಳು ನಿಧಾನವಾಗಿ ಏಳುತ್ತದೆ, ಕುಲುಕಾಟಕ್ಕೆ ಜಗ್ಗುವುದಿಲ್ಲ. ಆದರೆ ಇದಕ್ಕೊಂದು ದೌರ್ಬಲ್ಯವಿದೆ. ವಿದ್ಯುತ್ತಿನ ಒತ್ತಡ ಹೆಚ್ಚಿದರೆ ಬಿಸಿಯೂ ಹೆಚ್ಚಿ ಮುಳ್ಳು ಸುಳ್ಳೇ ಏರುತ್ತದೆ. ಅದಕ್ಕಾಗಿ ಸರಾಸರಿ 10 ವೋಲ್ಟ್ ಮಾತ್ರ ಕೊಡುವ ‘ಸ್ಟೆಬಿಲೈಸರ್’ ಎಂಬ ಪುಟ್ಟ ಡಬ್ಬಿಯನ್ನು ನಡುವೆ ಇಟ್ಟರು. ಹೊಸ ಜಾತಿಯ ಮೀಟರನ್ನು ತಂದು ಈ ಡಬ್ಬಿಯಿಲ್ಲದೆ ನೇರವಾಗಿ ತಂತಿ ಕೊಟ್ಟರೆ ಮೀಟರು ಇಲ್ಲದ್ದನ್ನು ಇದೆ ಎನ್ನುತ್ತದೆ.

ಇನ್ನು ಮುಖ್ಯವಾದ ಮಾತು. ಸ್ಮಿತ್ಸ್ ಮಾದರಿಯ ಹಳೆಯ ಜೋಡಿಯಲ್ಲಿ ಟ್ಯಾಂಕ್ ಖಾಲಿಯಾದಾಗ ರೋಧ ಹೆಚ್ಚುಕಡಿಮೆ ಸೊನ್ನೆ. ತುಂಬಿದಾಗ ಸುಮಾರು 70–80 ಓಮ್. ಹೊಸ ಜೋಡಿಯಲ್ಲಿ ಇದು ತಲೆಕೆಳಗು: ಖಾಲಿಯಾದಾಗ ಸುಮಾರು 250 ಓಮ್, ತುಂಬಿದಾಗ ಸುಮಾರು 20. ಈಗ ಗೆಳೆಯರ ಕಾರಿನ ಗುಟ್ಟು ಬಯಲಾಯಿತಲ್ಲವೇ? ಟ್ಯಾಂಕಿನಲ್ಲಿದ್ದದ್ದು ಹಳೆಯ ಯೂನಿಟ್ಟು, ಗುಜರಿಯಿಂದ ಬಂದದ್ದು ಹೊಸ ಪೀಳಿಗೆಯ ಮೀಟರು. ಟ್ಯಾಂಕ್ ತುಂಬಿದಾಗ ಯೂನಿಟ್ಟು 80 ಎಂದು ಕೂಗಿತು. ಮೀಟರು ಅದನ್ನು ಅರ್ಧ ಎಂದು ಕೇಳಿಸಿಕೊಂಡಿತು. ಪೆಟ್ರೋಲ್ ಮುಗಿದಾಗ ಸೊನ್ನೆ ಎಂದು ಕೂಗಿತು. ಮೀಟರಿಗೆ ಅದು ಭರ್ತಿ ಎಂದು ಕೇಳಿಸಿತು. ಮುಖ ಒಂದೇ, ಅಳತೆ ಒಂದೇ, ಕಂಪನಿ ಒಂದೇ. ಭಾಷೆ ಮಾತ್ರ ಬೇರೆ.

ಮೇಸ್ತ್ರಿ ಇದನ್ನು ಪತ್ತೆ ಮಾಡಿದ ಕ್ರಮ ಸರಳವಾದುದು. ಕೀಲಿ ತಿರುಗಿಸಿಟ್ಟು, ಯೂನಿಟ್ಟಿಗೆ ಹೋಗುವ ತಂತಿಯನ್ನು ಮೀಟರಿನ ಕಡೆಯಲ್ಲೇ ಕಳಚಿದರು. ಹಳೆಯ ಜಾತಿಯಾಗಿದ್ದರೆ ಮುಳ್ಳು ಭರ್ತಿಯನ್ನೂ ದಾಟಿ ಓಡಬೇಕು. ಹೊಸ ಜಾತಿಯಾದರೆ ಖಾಲಿಗೆ ಬೀಳಬೇಕು. ಅದು ಮೆಲ್ಲಗೆ ಖಾಲಿಗೆ ಬಿತ್ತು. ಆಮೇಲೆ ಕಳಚಿದ ತಂತಿಗೂ ಬಾಡಿಗೂ ನಡುವೆ ಓಮ್ ಅಳೆದರು. ಎರಡು ಅಳತೆಯಲ್ಲಿ ರೋಗ ಸಿಕ್ಕಿತು. ಟ್ಯಾಂಕಿನ ಬಳಿ ಪೆಟ್ರೋಲಿನ ಆವಿ ಇರುವುದರಿಂದ ಕಿಡಿ ಹಾರುವ ಯಾವ ಪರೀಕ್ಷೆಯನ್ನೂ ಅಲ್ಲಿ ಮಾಡಬಾರದೆಂಬುದು ಅವರ ಕಟ್ಟುನಿಟ್ಟು.

ಬಾಡಿಗೆ ಯಾವ ತಂತಿ?

ಕಾರಿನ ಲೋಹದ ಮೈಯೇ ವಿದ್ಯುತ್ ಮರಳುವ ದಾರಿ. ಮೇಸ್ತ್ರಿಗಳ ಮಾತಿನಲ್ಲಿ ‘ಬಾಡಿ ಅರ್ಥ್’. ಇಂದಿನ ಕಾರುಗಳಲ್ಲೆಲ್ಲ ಬ್ಯಾಟರಿಯ ಋಣ ತುದಿ ಬಾಡಿಗೆ ಸೇರಿರುತ್ತದೆ. ಆದರೆ 1930ರ ದಶಕದ ಮಧ್ಯಭಾಗದಿಂದ 1960ರ ದಶಕದವರೆಗೆ ಬಹುಪಾಲು ಬ್ರಿಟಿಷ್ ಕಾರುಗಳಲ್ಲಿ ಧನ ತುದಿ ಬಾಡಿಗೆ ಸೇರುತ್ತಿತ್ತು. ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಸುಲಭವಾಗಿ ಹಾರುತ್ತದೆ, ತಂತಿಯ ತುದಿಗಳು ಕಡಿಮೆ ತುಕ್ಕು ಹಿಡಿಯುತ್ತವೆ ಎಂಬ ಕಾರಣಗಳನ್ನು ಕೊಡುತ್ತಿದ್ದರು. ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ ಬಂದ ಹಿಂದೂಸ್ತಾನ್ ಲ್ಯಾಂಡ್‌ಮಾಸ್ಟರ್ ಮತ್ತು ಮೊದಲ ಮಾದರಿಯ ಅಂಬಾಸಡರ್‌ಗಳಿಗೆ ಈ ಪದ್ಧತಿಯೂ ಬಳುವಳಿಯಾಗಿ ಬಂತು. ಇಟಲಿಯ ಮೂಲದ ಫಿಯೆಟ್ 1100 ಮಾತ್ರ ಋಣ ತುದಿಯನ್ನೇ ಬಾಡಿಗೆ ಕೊಟ್ಟಿತ್ತು. ಒಂದೇ ರಸ್ತೆಯಲ್ಲಿ ಅಕ್ಕಪಕ್ಕ ನಿಂತ ಎರಡು ಕಾರುಗಳ ಮೈಯಲ್ಲಿ ವಿದ್ಯುತ್ ಒಂದಕ್ಕೊಂದು ಎದುರಾಗಿ ಹರಿಯುತ್ತಿದ್ದ ಕಾಲವದು!

ಟ್ರಾನ್ಸಿಸ್ಟರ್ ರೇಡಿಯೊ, ಆಲ್ಟರ್ನೇಟರ್‌ಗಳು ಬಂದಾಗ ಈ ಭಿನ್ನತೆ ನಡೆಯದಾಯಿತು. ಅರೆವಾಹಕಗಳಿಗೆ ಧನ–ಋಣಗಳ ಅದಲುಬದಲು ಸಹಿಸದು. ಆದ್ದರಿಂದ ಲೋಕವೆಲ್ಲ ಋಣ ತುದಿಯ ಕಡೆಗೆ ವಾಲಿತು. ಹಳೆಯ ಕಾರಿಗೆ ಇಂದಿನ ಮೀಟರ್ ತರುವವರು ಮೊದಲು ನೋಡಬೇಕಾದ್ದು ಇದನ್ನೇ. ಸುರುಳಿಯ ಮೀಟರು, ಬಿಸಿಪಟ್ಟಿಯ ಮೀಟರು ಎರಡಕ್ಕೂ ದಿಕ್ಕಿನ ಗೊಡವೆಯಿಲ್ಲ. ಆಮ್‌ಮೀಟರ್ ಹಿಂದುಮುಂದಾಗಿ ತೋರಿಸುತ್ತದೆ. ಅದರ ಎರಡು ತಂತಿ ಅದಲುಬದಲು ಮಾಡಿದರೆ ಸಾಕು. ಆದರೆ ಒಳಗೆ ಎಲೆಕ್ಟ್ರಾನಿಕ್ ಬಿಲ್ಲೆಯಿರುವ ಮೀಟರನ್ನೋ ಗಡಿಯಾರವನ್ನೋ ತಿರುಗುಮುರುಗಾಗಿ ಜೋಡಿಸಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಸತ್ತಿರುತ್ತದೆ.

ಆಮ್‌ಮೀಟರಿನ ಬಗ್ಗೆ ಇನ್ನೊಂದು ಮಾತು. ಇದು ಪೆಟ್ರೋಲ್ ಮುಗಿದು ರಸ್ತೆಯಲ್ಲಿ ನಿಲ್ಲುವುದಕ್ಕಿಂತ ಗಂಭೀರವಾದುದು. ಆಮ್‌ಮೀಟರಿನಲ್ಲಿ ಕಾರಿನ ಬಹುಪಾಲು ವಿದ್ಯುತ್ತು ಹರಿದು ಹೋಗುತ್ತದೆ. ಅದು ನಾಲೆಗೆ ಅಡ್ಡಲಾಗಿ ಕಟ್ಟಿದ ಅಳತೆಯ ತೂಬು. ವೋಲ್ಟ್ ಮೀಟರ್ ಹಾಗಲ್ಲ. ದಡದಲ್ಲಿ ನಿಂತು ನೀರಿನ ಮಟ್ಟ ನೋಡುವ ಕೋಲು. ಆಮ್‌ಮೀಟರನ್ನು ತೆಗೆದು ಅದೇ ತಂತಿಗಳಿಗೆ ವೋಲ್ಟ್ ಮೀಟರ್ ಹಾಕಿದರೆ ವಿದ್ಯುತ್ತಿನ ದಾರಿಯೇ ಕಟ್ಟಿಹೋಗುತ್ತದೆ. ವೋಲ್ಟ್ ಮೀಟರಿನ ಜಾಗದಲ್ಲಿ ಆಮ್‌ಮೀಟರ್ ಹಾಕಿದರೆ ಬ್ಯಾಟರಿಯ ಎರಡು ತುದಿ ನೇರ ಸೇರಿದಂತಾಗಿ ತಂತಿಗೆ ಬೆಂಕಿ ಹತ್ತುತ್ತದೆ. ಇಪ್ಪತ್ತು ಚಿಲ್ಲರೆ ಆಂಪಿಯರ್ ಕೊಡುತ್ತಿದ್ದ ಡೈನಮೊ ತೆಗೆದು ಅದಕ್ಕಿಂತ ಬಲಿಷ್ಠವಾದ ಆಲ್ಟರ್ನೇಟರ್ ಕೂರಿಸಿ, ಹಳೆಯ ಆಮ್‌ಮೀಟರನ್ನೂ ಹಳೆಯ ತಂತಿಯನ್ನೂ ಹಾಗೇ ಬಿಡುವುದೂ ಇಂಥದೇ ಅಪಾಯ. ಆ ಕಾಲದ ತಂತಿಗಳಿಗೆ ರಬ್ಬರಿನ ಹೊದಿಕೆ, ಅದರ ಮೇಲೆ ಹತ್ತಿಯ ನೂಲಿನ ಹೆಣಿಗೆ. ಅರವತ್ತು ವರ್ಷದ ಬಿಸಿಲು, ಎಣ್ಣೆ, ಇಲಿಗಳನ್ನು ಕಂಡ ರಬ್ಬರು ಮುಟ್ಟಿದರೆ ಹಪ್ಪಳದಂತೆ ಉದುರುತ್ತದೆ.

ಬಣ್ಣದ ವ್ಯಾಕರಣ

ಅದೃಷ್ಟಕ್ಕೆ ಈ ತಂತಿಗಳಿಗೊಂದು ವ್ಯಾಕರಣವಿದೆ. ಬ್ರಿಟನ್ನಿನ ಲೂಕಾಸ್ ಕಂಪನಿಯ ಪದ್ಧತಿಯಲ್ಲಿ ಕಂದು ಬಣ್ಣವೆಂದರೆ ಬ್ಯಾಟರಿಯಿಂದ ನೇರ ಬಂದ ವಿದ್ಯುತ್ತು. ಬಿಳಿ, ಕೀಲಿ ತಿರುಗಿಸಿದ ಮೇಲೆ ಬರುವುದು. ಅದೇ ಫ್ಯೂಸ್ ದಾಟಿದರೆ ಹಸಿರು. ಕಪ್ಪು, ಬಾಡಿಗೆ. ಹಸಿರಿನ ಮೇಲೆ ಕಪ್ಪು ಗೆರೆಯಿದ್ದರೆ ಪೆಟ್ರೋಲ್ ಟ್ಯಾಂಕಿಗೆ, ನೀಲಿ ಗೆರೆಯಿದ್ದರೆ ನೀರಿನ ಬಿಸಿಯ ಯೂನಿಟ್ಟಿಗೆ. ಕೆಂಪಿನ ಮೇಲೆ ಬಿಳಿ ಗೆರೆ ಮೀಟರಿನ ಬಲ್ಬಿಗೆ. ಮೇಲೆ ಬಣ್ಣ ಮಾಸಿದ್ದರೂ ತಂತಿಯ ತುದಿಯಲ್ಲಿ, ತೊಟ್ಟಿನ ಅಡಿಯಲ್ಲಿ, ಬಿಸಿಲು ಕಾಣದ ಜಾಗದಲ್ಲಿ ಮೂಲ ಬಣ್ಣ ಉಳಿದಿರುವುದುಂಟು.

ಆದರೆ ನಮ್ಮ ಹಳೆಯ ಕಾರುಗಳಲ್ಲಿ ಈ ವ್ಯಾಕರಣ ಪೂರ್ತಿಯಾಗಿ ಉಳಿದಿರುವುದು ಅಪರೂಪ. ಕಾರಣ ನಮ್ಮ ಚರಿತ್ರೆಯಲ್ಲಿದೆ. ಸ್ವಾತಂತ್ರ್ಯದ ಹೊಸದರಲ್ಲಿ ಫೋರ್ಡ್, ಜನರಲ್ ಮೋಟಾರ್ಸ್‌ಗಳಂಥ ಕಂಪನಿಗಳು ಹೊರಗಿನಿಂದ ಬಿಡಿಭಾಗ ತಂದು ಇಲ್ಲಿ ಜೋಡಿಸಿ ಮಾರುತ್ತಿದ್ದವು. 1953ರ ಸುಂಕ ಆಯೋಗದ ವರದಿಯ ಬಳಿಕ, ಇಲ್ಲೇ ತಯಾರಿಸುವ ಯೋಜನೆಯಿಲ್ಲದವರು ಜಾಗ ಖಾಲಿ ಮಾಡಬೇಕಾಯಿತು. ಆಮೇಲೆ ವಿದೇಶಿ ಕಾರಿನ ಒಂದು ಮೀಟರ್ ಕೆಟ್ಟರೆ ಅದರಂಥದೇ ಇನ್ನೊಂದು ಸಿಗುವುದು ಕನಸಿನ ಮಾತಾಯಿತು. ಬೆಂಗಳೂರಿನವರು ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಸುತ್ತಿ, ಜೀಪಿನದೋ ಲಾರಿಯದೋ ಮೀಟರ್ ತಂದು, ತೂತು ದೊಡ್ಡದು ಮಾಡಿ ಕೂರಿಸಿದರು. ಕೈಗೆ ಸಿಕ್ಕ ಬಣ್ಣದ ತಂತಿ ಎಳೆದರು. ಅದನ್ನು ಈಗ ಕಂಡು ಮೂಗು ಮುರಿಯುವುದು ಸುಲಭ. ಆ ಕಾರುಗಳು ಇಂದಿನವರೆಗೆ ಬದುಕಿದ್ದೇ ಆ ಜುಗಾಡಿನಿಂದ ಎಂಬುದನ್ನು ಮರೆಯಬಾರದು.

ಇಲ್ಲಿ ಬೆಂಗಳೂರಿನ ಇನ್ನೊಂದು ಕತೆಯನ್ನೂ ನೆನೆಯಬೇಕು. 1930ರ ದಶಕದ ಮಧ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕಗಳ ಕಾರು ಕಾರ್ಖಾನೆಗಳನ್ನು ನೋಡಿಬಂದು, ಭಾರತದಲ್ಲಿ ಕಾರು ತಯಾರಿಕೆಗೆ ಯೋಜನೆ ರೂಪಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಕಾರ್ಖಾನೆಯನ್ನು ಬೆಂಗಳೂರಿಗೆ ತರುವ ಪ್ರಯತ್ನವೂ ನಡೆಯಿತು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ಅದು ಕೈಗೂಡಲಿಲ್ಲ. ವಾಲ್‌ಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಕಾರಿನ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಹೀಗೆ ಕಾರು ಕೈತಪ್ಪಿದರೂ ನಗರದ ಉತ್ತರ ಭಾಗಕ್ಕೆ ಸೂಕ್ಷ್ಮ ಕೆಲಸದ ಕೈಗಳು ಬಂದವು. ಯಶವಂತಪುರದ ಆಚೆ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ತಲೆಯೆತ್ತಿದವು. 1961ರಲ್ಲಿ ಎಚ್.ಎಂ.ಟಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನೊಡನೆ ಕೈಗಡಿಯಾರ ಮಾಡತೊಡಗಿತು. ಕೂದಲೆಳೆಯ ಸ್ಪ್ರಿಂಗ್ ಹಿಡಿದು ಪಳಗಿದ ಬೆರಳುಗಳು, ಓಮ್ ಅಳೆದು ಪಳಗಿದ ಕಣ್ಣುಗಳು ಈ ಬಡಾವಣೆಗಳಲ್ಲಿ ತಲೆಮಾರುಗಟ್ಟಲೆ ಬಾಳಿದವು. ಗಡಿಯಾರದ ಆ ಉದ್ಯಮ ಈಗ ಮೊದಲಿನಂತಿಲ್ಲ, ಜಾಲಹಳ್ಳಿಯ ಎಚ್.ಎಂ.ಟಿ. ಪರಂಪರೆ ಸಂಗ್ರಹಾಲಯದಲ್ಲಿ ಅದರ ನೆನಪುಗಳಿವೆ.

ಮೈಲಿ ಹೋಗಿ ಕಿಲೋಮೀಟರ್ ಬಂತು

ಯಲಹಂಕ ನಾಡಪ್ರಭುಗಳ ಕಾಲದಲ್ಲಿ ದೂರವನ್ನು ಹರದಾರಿ, ಗಾವುದಗಳಲ್ಲಿ ಹೇಳುತ್ತಿದ್ದರು. ಇಂಗ್ಲಿಷರು ಮೈಲಿ, ಫರ್ಲಾಂಗು ತಂದರು. ಸ್ವತಂತ್ರ ಭಾರತ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಮಾಡಿ, 1957ರ ಏಪ್ರಿಲ್‌ನಲ್ಲಿ ನಯಾಪೈಸೆ ತಂದು, 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ಪದ್ಧತಿಯನ್ನು ಹಂತಹಂತವಾಗಿ ಜಾರಿಗೊಳಿಸಿತು. ರಸ್ತೆಬದಿಯ ಕಲ್ಲುಗಳ ಮೇಲಿನ ಅಂಕಿಗಳು ಬದಲಾದವು. ಆದರೆ ಭಾಷೆ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಇಂದಿಗೂ ನಾವು ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದನ್ನು ‘ಮೈಲೇಜ್’ ಎನ್ನುತ್ತೇವೆ. ಕಿಲೋಮೀಟರಿನ ಅಂಕಿ ಹೊತ್ತ ಕಲ್ಲೂ ನಮಗೆ ‘ಮೈಲಿಗಲ್ಲೇ’.

ಆ ಸಂಧಿಕಾಲದ ಕಾರುಗಳಲ್ಲಿ ಮೈಲಿಯ ಸ್ಪೀಡೋಮೀಟರುಗಳಿದ್ದವು. ಕೆಟ್ಟಾಗ ಅವುಗಳ ಜಾಗಕ್ಕೆ ಕಿಲೋಮೀಟರಿನದು ಬಂತು. ಇಲ್ಲಿಯೂ ಒಂದು ಬಲೆಯಿದೆ. ಸ್ಮಿತ್ಸ್ ಮೀಟರಿನ ಮುಖದ ಕೆಳತುದಿಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣದಾಗಿ ಒಂದು ಅಂಕಿ ಇರುತ್ತದೆ. ಒಂದು ಮೈಲಿ ಹೋಗುವುದರಲ್ಲಿ ಕೇಬಲ್ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ ಅದು. ಕಿಲೋಮೀಟರಿನ ಮೀಟರಾದರೆ ಒಂದು ಕಿಲೋಮೀಟರಿನ ಲೆಕ್ಕ. ಗೇರ್‌ಬಾಕ್ಸು ಮೈಲಿಗೆ 1,600 ಸುತ್ತು ಕೊಡುತ್ತಿದ್ದು, ಮೈಲಿಗೆ 1,000 ಸುತ್ತಿನ ಮೀಟರ್ ಕೂರಿಸಿದರೆ, 40 ಮೈಲಿ ವೇಗದಲ್ಲಿ ಹೋಗುವಾಗ ಮುಳ್ಳು 64 ತೋರಿಸುತ್ತದೆ. ಅದೇ 1,000 ಸುತ್ತು ಕಿಲೋಮೀಟರಿನ ಲೆಕ್ಕವಾಗಿದ್ದರೆ ಆ 64 ಸರಿಯಾದ ಉತ್ತರ, ಏಕೆಂದರೆ 40 ಮೈಲಿ ಎಂದರೆ 64 ಕಿಲೋಮೀಟರ್. ಒಂದೇ ಅಂಕಿ, ಒಂದೇ ಮುಳ್ಳು. ಓದುವ ಭಾಷೆಯ ಮೇಲೆ ಸತ್ಯವೋ ಸುಳ್ಳೋ ಆಗುತ್ತದೆ.

ಕಾನೂನು ಬಿಟ್ಟ ಜಾಗ

ಹಾಗಾದರೆ ಕೆಟ್ಟ ಮೀಟರನ್ನು ಬದಲಿಸಲೇಬಾರದೇ? ಸಂಗ್ರಾಹಕರಲ್ಲಿ ಎರಡು ಪಂಗಡಗಳಿವೆ. ಓಡುವ ಕಾರಿಗೆ ನಿಜ ಹೇಳುವ ಮೀಟರ್ ಬೇಕು, ಅದು ಹೊಸದಾದರೇನು ಎನ್ನುವವರು ಕೆಲವರು. ಮುಳ್ಳು ಅಲುಗದಿದ್ದರೂ ಚಿಂತೆಯಿಲ್ಲ, ಮೂಲದ್ದೇ ಇರಲಿ ಎನ್ನುವವರು ಇನ್ನು ಕೆಲವರು. 2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ‘ವಿಂಟೇಜ್’ ಎಂದು ಗುರುತಿಸಿತು. ಅಂಥ ವಾಹನ ಮೂಲ ರೂಪದಲ್ಲಿರಬೇಕು. ಷಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಅದರ ಮುಖ್ಯ ಷರತ್ತು. ಮೀಟರಿನ ಹೆಸರು ಅಲ್ಲಿಲ್ಲ. ಅದನ್ನು ಕಾನೂನು ಮಾಲೀಕನ ವಿವೇಕಕ್ಕೆ ಬಿಟ್ಟಂತಿದೆ.

ನನ್ನ ಅಲ್ಪಮತಿಗೆ ತೋಚುವುದಿಷ್ಟು. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ಸಂಗ್ರಹದಿಂದ 2023ರಲ್ಲಿ ತೆರೆದ ‘ಪಯಣ’ ಸಂಗ್ರಹಾಲಯದಂಥ ಕಡೆ ನಿಂತಿರುವ ಕಾರಿನಲ್ಲಿ ಮೂಲ ಮೀಟರೇ ಭೂಷಣ. ನೋಡುವವನಿಗೆ ಅದು ದಾಖಲೆ. ಬಳ್ಳಾರಿ ರಸ್ತೆಗಿಳಿಯುವ ಕಾರಿನಲ್ಲಿ ಮಾತ್ರ ಸತ್ಯ ಹೇಳದ ಮೀಟರು ಮೀಟರೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಮೀಟರಿಲ್ಲದವನು ಕಡ್ಡಿ ಅದ್ದಿ ನೋಡುತ್ತಾನೆ. ಸುಳ್ಳು ಮೀಟರಿರುವವನು ನೆಮ್ಮದಿಯಿಂದ ಹೋಗಿ ಏರಿನಲ್ಲಿ ನಿಲ್ಲುತ್ತಾನೆ. ಎರಡು ಹಟಗಳಿಗೂ ನಡುವೆ ಒಂದು ದಾರಿಯಿದೆ. ಮೀಟರನ್ನೂ ಅದರ ಯೂನಿಟ್ಟನ್ನೂ ಜೋಡಿಯೆಂದು ಕಾಣುವುದು. ಒಂದನ್ನು ಬದಲಿಸಿದರೆ ಇನ್ನೊಂದನ್ನೂ ಅದರ ಕುಲದ್ದೇ ಹಾಕುವುದು. ತೆಗೆದದ್ದನ್ನು ಗುಜರಿಗೆ ಎಸೆಯದೆ ಚೀಟಿ ಕಟ್ಟಿ ಡಬ್ಬಿಯಲ್ಲಿಡುವುದು. ಹೊಸ ತಂತಿ ಎಳೆಯುವಾಗ ಹಳೆಯ ಬಣ್ಣವನ್ನೇ ಪಾಲಿಸುವುದು. ಮುಂದೆ ಕಾರನ್ನು ಬಿಚ್ಚುವವನಿಗೆ ಹಿಂದಿನವನು ಏನು ಮಾಡಿದ್ದನೆಂದು ತಿಳಿಯಬೇಕು.

ಯಶವಂತಪುರದ ಮೇಸ್ತ್ರಿ ಮಾಡಿದ್ದು ಇದನ್ನೇ. ಮೊದಲು ಬ್ಯಾಟರಿಯ ತಂತಿ ಕಳಚಿದರು. ಪ್ರತಿ ತಂತಿಗೂ ಒಂದು ತುಂಡು ಕಾಗದ ಅಂಟಿಸಿ ಅಂಕಿ ಬರೆದರು. ಗೆಳೆಯರ ಮನೆಯ ಅಟ್ಟದಲ್ಲಿದ್ದ ಹಳೆಯ ಮೀಟರನ್ನು ತರಿಸಿ ಬಿಚ್ಚಿದರು. ಸುರುಳಿಗಳು ಚೆನ್ನಾಗಿಯೇ ಇದ್ದವು. ತಂತಿ ಸೇರುವ ತುದಿಯಲ್ಲಿ ಬೆಸುಗೆ ಬಿಟ್ಟಿತ್ತು, ಅಷ್ಟೆ. ಒಂದು ಚುಕ್ಕೆ ಸೀಸ ಇಟ್ಟು, ಬಾಡಿಗೆ ತಾಗುವ ಜಾಗದ ತುಕ್ಕನ್ನು ಮರಳುಕಾಗದದಿಂದ ಉಜ್ಜಿ, ಹಸಿರು–ಕಪ್ಪು ತಂತಿಯನ್ನು ಟ್ಯಾಂಕಿನವರೆಗೆ ಹೊಸದಾಗಿ ಎಳೆದರು. ಕೀಲಿ ತಿರುಗಿಸಿದಾಗ ಮುಳ್ಳು ಟಕ್ಕೆಂದು ಎದ್ದು ಕಾಲು ಭಾಗದಲ್ಲಿ ನಿಂತು ಕುಲುಕಿತು. ಆ ಕುಲುಕಾಟ ಕಂಡು ಗೆಳೆಯರಿಗೆ ತಂದೆಯ ಜೊತೆ ಮುಂದಿನ ಸೀಟಿನಲ್ಲಿ ಕೂರುತ್ತಿದ್ದ ದಿನಗಳು ನೆನಪಾದವಂತೆ. ಗುಜರಿಯ ಮೀಟರಿಗೂ ಅವರ ಅಟ್ಟದಲ್ಲಿ ಜಾಗ ಸಿಕ್ಕಿತು. ಅದರ ತಪ್ಪೇನೂ ಇರಲಿಲ್ಲವಲ್ಲ.

ಇಂಥ ಮೇಸ್ತ್ರಿಗಳ ಸಂಖ್ಯೆ ಕಡಿಮೆಯಾಗುತ್ತಿದೆ. ಇಂದಿನ ಕಾರಿನ ಮೀಟರು ಒಂದು ಪರದೆ. ಕೆಟ್ಟರೆ ಇಡಿಯಾಗಿ ತೆಗೆದು ಇಡಿಯಾಗಿ ಹಾಕುತ್ತಾರೆ. ಅಲ್ಲಿ ಓದುವ ಕೆಲಸ ಯಂತ್ರದ್ದು. ಕೇಳಿ, ಮುಟ್ಟಿ, ಅಳೆದು ತಿಳಿಯುವ ವಿದ್ಯೆ ಬರಹದಲ್ಲಿ ಹೆಚ್ಚಾಗಿ ಉಳಿದಿಲ್ಲ, ಕೈಗಳಲ್ಲಿ ಉಳಿದಿದೆ. ನಿಮ್ಮ ಮನೆಯ ಮುಂದೆಯೋ ನೆಂಟರ ಹಿತ್ತಿಲಿನಲ್ಲೋ ಹಳೆಯ ಕಾರೊಂದು ನಿಂತಿದ್ದರೆ, ಅದರ ಮೀಟರನ್ನು ಬದಲಿಸುವ ಮುನ್ನ ಅಂಥ ಒಂದು ಕೈಗೆ ತೋರಿಸಿ. ಪಕ್ಕದಲ್ಲಿ ಕುಳಿತು ಅವರು ಹೇಳಿದ್ದನ್ನು ಬರೆದುಕೊಳ್ಳಿ. ಮುಂದಿನ ಸಲ ಅದು ಕೆಟ್ಟಾಗ ಆ ಹಾಳೆ ಬೇಕಾಗುತ್ತದೆ.